ಗುರುವಾರ ನಾನು ನುಂಗಿದ ಮಾತು

ಒಂದು ಮಾತನ್ನು ಹೇಳದೆ ನುಂಗಿದ್ದಕ್ಕೆ ಒಂದು ಹುಡುಗಿಯ ಜೀವ ಹೋಗುವುದರಲ್ಲಿತ್ತು. ನುಂಗಿದವಳು ನಾನೇ. ಆ ನಾಲ್ಕು ದಿನ ನಡೆದದ್ದನ್ನು ಬರೆಯುತ್ತೇನೆ. ಶಾಲೆಗೆ ಹೋದದ್ದು ಎರಡೇ ವರ್ಷ, ಕೈ ನಿಧಾನ, ಆದರೆ ನೆನಪಿಗೆ ಏನೂ ಆಗಿಲ್ಲ.

ಎಸ್‌ಟಿಡಿ ಬೂತುಗಳ ಮುಂದೆ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು. ಮೊಳಕಾಲ್ಮೂರಿನ ಮಗ್ಗದ ಮನೆಗಳ ಬೀದಿಯಲ್ಲಿ ಒಂದು ಸಂಸ್ಥೆಯವರು ಎರಡು ಕೋಣೆಯ ಮನೆ ಹಿಡಿದು ‘ಆಪ್ತ ಸಮಾಲೋಚನೆ’ ಅಂತ ಬೋರ್ಡು ಹಾಕಿದರು. ಆ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ‘ಮೇಡಂ ರೂಮು’ ಅಂದರು, ಅದೇ ನಿಂತಿತು. ಮೇಡಂ ಮಂಡ್ಯದ ಕಡೆಯವರು. ಮನಸ್ಸಿನ ಕಾಯಿಲೆ, ಮನೆಯ ಜಗಳ, ಓದೋ ಮಕ್ಕಳ ತಾಪತ್ರಯ, ಇವುಗಳ ವಿದ್ಯೆ ಕಲಿತವರು. ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡು ವಾರದಲ್ಲಿ ಮೂರು ದಿನ ಅಲ್ಲೇ ಜನರನ್ನು ನೋಡುತ್ತಿದ್ದರು. ಗುರುವಾರ ಮಾತ್ರ ಬೆಳಗಿನ ಬಸ್ಸಿಗೆ ನಮ್ಮ ಊರಿಗೆ ಬರುವರು.

ನನ್ನನ್ನು ಸೇರಿಸಿಕೊಂಡದ್ದು ಕಸ ಗುಡಿಸಿ ಟೀ ಕಾಯಿಸಲಿಕ್ಕೆ. ಗಂಡ ಸತ್ತು ಆರು ವರ್ಷವಾಗಿತ್ತು, ಮಗಳನ್ನು ಕೊಟ್ಟಾಗಿತ್ತು, ಒಬ್ಬಳೇ ಇದ್ದೆ. ನನ್ನ ತವರು ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ, ತೆಲುಗು ಹುಟ್ಟಿನ ಜೊತೆ ಬಂದದ್ದು. ರೂಮಿಗೆ ಬರುವವರಲ್ಲಿ ಅರ್ಧ ಜನ ತೆಲುಗಿನವರು. ಮೇಡಂಗೆ ಒಂದಕ್ಷರ ತೆಲುಗು ಬಾರದು. ಎರಡನೇ ತಿಂಗಳಿಗೆಲ್ಲ ಪೊರಕೆ ಮೂಲೆಗಿಟ್ಟು ನಾನು ಒಳಗೆ ಕೂರುವಂತಾಯಿತು. ಅವರದ್ದು ಇವರಿಗೆ, ಇವರದ್ದು ಅವರಿಗೆ ಹೇಳುವ ಕೆಲಸ.

ಮೊದಮೊದಲು ಮೇಡಂ ತಾವು ಕಲಿತ ಹಾಗೆಯೇ ಮಾಡಿದರು. ಎದುರುಬದುರು ಎರಡು ಕುರ್ಚಿ. ಬಾಗಿಲು ಮುಚ್ಚಿ, ಕಣ್ಣಿಗೆ ಕಣ್ಣು ಕೊಟ್ಟು, ನಿಮಗೆ ಏನನ್ನಿಸುತ್ತೆ ಹೇಳಿ ಅನ್ನುವರು. ಮುಚ್ಚಿದ ಬಾಗಿಲ ಹೊರಗೆ ಅತ್ತೆ ಉರಿದುಕೊಂಡು ಕೂತಿರುವಳು, ಒಳಗೆ ಸೊಸೆ ನೆಲ ನೋಡಿಕೊಂಡು ತಲೆನೋವು ಅನ್ನುವಳು. ಅಲ್ಲಿಗೆ ಮುಗಿಯಿತು. ಒಬ್ಬ ಹೆಂಗಸಿಗೆ ಗಂಡನ ಹೆಸರು ಹೇಳಿ ಅಂದರು. ಅವಳು ಅರ್ಧ ಗಂಟೆ ಸೆರಗು ತಿರುವಿ ಎದ್ದು ಹೋದವಳು ಮತ್ತೆ ಬರಲಿಲ್ಲ. ಚಳ್ಳಕೆರೆಯಲ್ಲಿ ಕಾಲೇಜು ಓದುವ ಒಬ್ಬನಿಗೆ ನಿನ್ನ ಬದುಕು ನಿನ್ನ ತೀರ್ಮಾನ ಅಂತ ಹೇಳಿ ಕಳಿಸಿದ್ದರಂತೆ. ಅವನು ಮನೆಗೆ ಹೋಗಿ ಅದನ್ನೇ ಅಪ್ಪನ ಮುಂದೆ ಹೇಳಿ ಬಾಸುಂಡೆ ಬರುವಂತೆ ಹೊಡೆಸಿಕೊಂಡ. ಅದಾದ ಮೇಲೆ ಮೇಡಂ ನನ್ನನ್ನು ಕೇಳಿದರು, ನೀವು ನಿಮ್ಮ ಅಕ್ಕನ ಹತ್ತಿರ ಕಷ್ಟ ಹೇಳಿಕೊಳ್ಳುವುದು ಯಾವಾಗ ಅಂತ. ಕೈಯಲ್ಲಿ ಕೆಲಸ ಇದ್ದಾಗ ಅಂದೆ.

ಮುಂದಿನ ವಾರ ಕುರ್ಚಿ ಹೊರಗೆ ಹೋದವು. ಚಾಪೆ ಬಂತು, ಮೊರದ ತುಂಬ ಕಡಲೆಕಾಯಿ ಬಂತು. ಮೇಡಂ ಪಕ್ಕದಲ್ಲಿ ಕೂತು ತಾವೂ ಕಾಯಿ ಸುಲಿಯುತ್ತಾ ಮಾತಾಡಿಸುವರು. ಬಾಗಿಲು ಅರ್ಧ ತೆರೆದಿರಬೇಕು. ಮನಸ್ಸು ಅನ್ನುವ ಮಾತೇ ಎತ್ತರು. ನಿದ್ದೆ ಬರುತ್ತಾ, ಎಷ್ಟು ಮುದ್ದೆ ಉಣ್ಣುತ್ತೀರಿ, ಎದೆ ಉರಿಯುವುದು ಯಾವ ಹೊತ್ತಿಗೆ ಅಂತ ಅಲ್ಲಿಂದ ಶುರು. ದೇವರಿಗೆ ಹರಕೆ ಹೊತ್ತಿದ್ದೇವೆ ಅಂದವರಿಗೆ ಹರಕೆಯೂ ತೀರಿಸಿ, ಮಾತ್ರೆಯೂ ನುಂಗಿ ಅನ್ನುವರು. ಹರೆಯದ ಮಕ್ಕಳು ಬಂದರೆ ಮೊದಲು ಹೆತ್ತವರ ದೂರೆಲ್ಲ ಕೇಳಬೇಕು, ನಡುವೆ ಬಾಯಿ ಹಾಕಬಾರದು, ಆಮೇಲೆ ಅವರನ್ನು ಟೀಗೆ ಎಬ್ಬಿಸಿ ಮಗುವಿನ ಮಾತು ಕೇಳಬೇಕು. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರ ಮಾತು ನಡೆಯುತ್ತದೆ?

ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಜನ ಹೇಳಿದ್ದನ್ನೆಲ್ಲ ಹೇಳುತ್ತಿರಲಿಲ್ಲ. ಬೈಗುಳ, ಶಾಪ, ಹೇಳಿದ್ದನ್ನೇ ನಾಲ್ಕು ಸಲ ಹೇಳುವುದು, ಇದನ್ನೆಲ್ಲ ತೂರಿ ಬಿಟ್ಟು ಕಾಳು ಮಾತ್ರ ಮೇಡಂ ಮುಂದೆ ಇಡುತ್ತಿದ್ದೆ. ಅದು ನನ್ನ ಜಾಣತನ ಅಂದುಕೊಂಡಿದ್ದೆ.

ಅವತ್ತು ಗುರುವಾರ ಒಬ್ಬ ತಾಯಿ, ಮಗಳು ಬಂದರು. ಮುಕ್ಕಾಲು ಗಂಟೆ ದಾರಿಯ ಗಡಿ ಹಳ್ಳಿಯವರು. ಹಳ್ಳಿಗೆ ಬರುವ ನರ್ಸಮ್ಮ ಕಳಿಸಿದ್ದಳು. ಕುರಿ ಮಂದಿ. ಹುಡುಗಿಯ ಅಪ್ಪ ಕುರಿ ಹೊಡೆದುಕೊಂಡು ಮೇವಿನ ಕಡೆ ಹೋಗಿ ಮೂರು ತಿಂಗಳಾಗಿತ್ತು, ಯಾವ ಊರ ಹೊಲದಲ್ಲಿ ಬಿಡಾರ ಹಾಕಿದ್ದಾನೋ ಹೇಳುವವರಿಲ್ಲ. ಹುಡುಗಿಗೆ ಹದಿನಾರು. ಏಳನೇ ಕ್ಲಾಸಿಗೆ ಬಿಡಿಸಿದ್ದರು.

ತಾಯಿಯ ದೂರು ಮೊದಲು. ಹತ್ತು ದಿನದಿಂದ ಸರಿಯಾಗಿ ಉಣ್ಣುವುದಿಲ್ಲ. ಕರೆದರೆ ಓ ಅನ್ನುವುದಿಲ್ಲ. ಗಾಳಿ ಮೆಟ್ಟಿರಬೇಕು ಅಂತ ತಾಯತ ಕಟ್ಟಿಸಿದ್ದಾಯಿತು. ತನ್ನ ಎರಡು ಒಳ್ಳೆಯ ಲಂಗ, ಕಿವಿಯ ಓಲೆ ಎಲ್ಲ ತಂಗಿಗೆ ಕೊಟ್ಟುಬಿಟ್ಟಿದ್ದಾಳೆ, ಎಂಥ ಸೊಕ್ಕು ನೋಡು ಅಕ್ಕಾ ಅಂದಳು. ಸೋಮವಾರ ಅರಿಶಿನ ಹಚ್ಚುವುದಿತ್ತು. ಗಂಡು ಬೇರೆ ಯಾರೂ ಅಲ್ಲ, ತಾಯಿಯ ಖಾಸಾ ತಮ್ಮ, ಹುಡುಗಿಗೆ ಸೋದರಮಾವ. ಇವಳು ತೊಟ್ಟಿಲಲ್ಲಿದ್ದಾಗಲೇ ಇವಳು ಅವನಿಗೆ ಅಂತ ಆಗಿಹೋಗಿತ್ತು. ನಮ್ಮಲ್ಲಿ ಇದು ಹೊಸದೇನಲ್ಲ. ನನ್ನದೂ ಹಾಗೇ ಆದದ್ದು.

ತಾಯಿ ಹೊಸಿಲಾಚೆ ಟೀ ಕುಡಿಯಲು ಕೂತಳು. ಹುಡುಗಿ ಮೊರ ಎಳೆದುಕೊಂಡಳು. ಚಟ್ ಚಟ್ ಅಂತ ಕಾಯಿ ಒಡೆಯತೊಡಗಿದಳು. ಅವಳಿಗೆ ಶಾಲೆಯ ಕನ್ನಡ ಬರುತ್ತಿತ್ತು. ಆದರೆ ನಿನಗೆ ಯಾವ ಭಾಷೆ ಹತ್ತಿರವೋ ಅದರಲ್ಲೇ ಹೇಳು ಅನ್ನುವುದು ಮೇಡಂ ರೂಢಿ. ಅವಳು ತೆಲುಗಿನಲ್ಲಿ ಮೆಲ್ಲಗೆ ಶುರು ಮಾಡಿದಳು. ಮಾಮ ನನ್ನನ್ನು ಹೆಗಲ ಮೇಲೆ ಹೊತ್ತವನು, ತುತ್ತು ಕೊಟ್ಟವನು, ಅಪ್ಪನಿಗಿಂತ ಹೆಚ್ಚು ಕಂಡದ್ದು ಅವನನ್ನೇ, ಅವನ ಪಕ್ಕ ಹೆಂಡತಿ ಅಂತ ಮಲಗುವುದು ನೆನೆದರೆ ಹೊಟ್ಟೆ ತೊಳಸುತ್ತೆ ಅಂದಳು. ಅಮ್ಮನಿಗೆ ಹೇಳಿದರೆ ಬಾಯಿ ಮೇಲೆ ಹೊಡೆದಳು ಅಂದಳು. ಇದಿಷ್ಟನ್ನು ನಾನು ಸರಿಯಾಗಿಯೇ ಹೇಳಿದೆ. ಕೊನೆಗೆ ಕೈಯಲ್ಲಿದ್ದ ಕಾಯಿ ನೋಡಿಕೊಂಡು ಇನ್ನೊಂದು ಮಾತು ಅಂದಳು.

“ಪಸುಪು ಪೂಸೇ ಲೋಪಲ ಸಚ್ಚಿಪೋತಾ.”

ಅರಿಶಿನ ಹಚ್ಚೋದರೊಳಗೆ ಸತ್ತು ಹೋಗ್ತೀನಿ ಅಂತ. ನಾನು ಅದನ್ನು ಹೇಳಲಿಲ್ಲ. ಸಾಯ್ತೀನಿ ಅಂತ ನಮ್ಮಲ್ಲಿ ಯಾರು ಅನ್ನುವುದಿಲ್ಲ? ನಲ್ಲಿ ಸಾಲಿನಲ್ಲಿ ಬಿಂದಿಗೆ ಹಿಂದಾದರೆ ಅನ್ನುತ್ತೇವೆ, ಬಸ್ಸು ತಪ್ಪಿದರೆ ಅನ್ನುತ್ತೇವೆ. ಇನ್ನೊಂದು, ಬೇರೆಯವರ ಸಾವನ್ನು ನಮ್ಮ ಬಾಯಲ್ಲಿ ಆಡಿದರೆ ನಾವೇ ಕರೆದ ಹಾಗೆ ಅಂತ ನಮ್ಮವ್ವ ಕಲಿಸಿದ್ದಳು. ಹೊಸಿಲಲ್ಲಿ ತಾಯಿ ಬೇರೆ ಕೂತಿದ್ದಾಳೆ. ನಾನು ತಲೆ ತಗ್ಗಿಸಿ, ಮದುವೆ ಬೇಡ ಅಂತಾಳೆ ಅಷ್ಟೇ ಅಂದೆ. ಹುಡುಗಿ ಒಂದು ಸಲ ನನ್ನ ಕಡೆ ನೋಡಿ ಮತ್ತೆ ಕಾಯಿ ಸುಲಿದಳು.

ಮೇಡಂ ತಾಯಿಯನ್ನು ಕರೆದು ತುಂಬ ಸಮಾಧಾನದಿಂದ ಮಾತಾಡಿದರು. ಹುಡುಗಿಗೆ ನಿಶ್ಶಕ್ತಿ ಇದೆ, ಹೀಗಿರುವಾಗ ಶುಭಕಾರ್ಯ ಬೇಡ, ಸ್ವಲ್ಪ ಮುಂದಕ್ಕೆ ಹಾಕಿ, ಮುಂದಿನ ಗುರುವಾರ ಕರೆತನ್ನಿ ಅಂದರು. ತಾಯಿ ತಲೆ ಆಡಿಸಿದಳು. ಆ ತಲೆ ಆಡಿಸುವುದರಲ್ಲಿ ಹೂಂ ಇರಲಿಲ್ಲ. ಒಂದು ಗಂಟೆಯ ಪ್ರೈವೇಟ್ ಬಸ್ಸಿಗೆ ಇಬ್ಬರೂ ಹೋದರು.

ಮಧ್ಯಾಹ್ನ ಉಣ್ಣುವಾಗ ಮೇಡಂ ಬರೆದುಕೊಂಡದ್ದನ್ನು ನನಗೆ ಓದಿ ಹೇಳುವುದು ವಾಡಿಕೆ. ಅವತ್ತು ಓದುತ್ತಾ ಓದುತ್ತಾ ನಿಂತರು. ಲಂಗ, ಓಲೆ ತಂಗಿಗೆ ಕೊಟ್ಟಳು ಅನ್ನುವಲ್ಲಿ. ತಟ್ಟೆ ಪಕ್ಕಕ್ಕಿಟ್ಟರು.

“ಅಮ್ಮ, ಕೊನೆಯಲ್ಲಿ ಅವಳು ಇನ್ನೊಂದು ಮಾತು ಅಂದಳು. ನೀವು ತಲೆ ತಗ್ಗಿಸಿಕೊಂಡು ಹೇಳಿದಿರಿ. ಏನು ಬಿಟ್ಟಿರಿ?”

ಏನಿಲ್ಲ ಬಿಡಿ ಮೇಡಂ, ಹುಡುಗ್ರು ಅನ್ನೋ ಮಾತು ಅಂದೆ. ಅವರು ನನ್ನನ್ನು ನೋಡುತ್ತಲೇ ಇದ್ದರು. ಕೊನೆಗೆ ಹೇಳಿದೆ. ಹೇಳುವಾಗ ನನಗೇ ಗೊತ್ತಾಯಿತು, ಆ ಹುಡುಗಿ ಅದನ್ನು ಸಿಟ್ಟಿನಲ್ಲಿ ಅಂದಿರಲಿಲ್ಲ. ನಾಳೆ ಸಂತೆಗೆ ಹೋಗ್ತೀನಿ ಅನ್ನುವ ಹಾಗೆ ಅಂದಿದ್ದಳು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಚಪ್ಪಲಿ ಮೆಟ್ಟಿದರು. ಮುಂದಿನ ಬಸ್ಸು ಮೂರಕ್ಕೆ, ಇನ್ನೂ ಮುಕ್ಕಾಲು ಗಂಟೆ. ಆಟೋದವನನ್ನು ಕೇಳಿದರೆ ಆ ರಸ್ತೆಗೆ ಬರಲ್ಲ ಅಂದ. ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ನಿಂತೆವು. ಪೊಲೀಸರಿಗೆ ಹೇಳಬಾರದಾ ಅಂತ ಕೇಳಿದೆ, ಹದಿನೆಂಟು ತುಂಬದ ಹುಡುಗಿ ತಾನೇ. ಬೇಕಾದರೆ ಅದಕ್ಕೂ ಹೋಗುತ್ತೇನೆ ಅಂದರು. ಆದರೆ ಜೀಪು ಸಾಯಂಕಾಲಕ್ಕೆ ವಾಪಸ್ ಬರುತ್ತೆ, ಹುಡುಗಿ ಅದೇ ಮನೆಯಲ್ಲಿ ಉಳೀತಾಳೆ, ಅವರು ಗಡಿ ದಾಟಿಸಿ ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿಸಿದರೆ ಅವಳ ಹತ್ತಿರ ಯಾರಿರುತ್ತಾರೆ, ಮೊದಲು ಅವಳು ಉಳಿಯಲಿ ಅಂದರು. ಆಮೇಲೆ ಕೇಳಿದರು, ಯಾರ ಮುಖವೂ ಮುರಿಯದ ಹಾಗೆ ಈ ಮದುವೆ ಬೇಡ ಅನ್ನಬಲ್ಲವರು ಯಾರು? ನಾನು ಯೋಚನೆ ಮಾಡಿದೆ. ಅಪ್ಪ ಅನ್ನಲಾರ, ಹೆಂಡತಿಯ ತವರು ಮುರಿಯುತ್ತೆ. ತಾಯಿ ತಮ್ಮನ ಮುಂದೆ ಅನ್ನಲಾರಳು. ಹುಡುಗಿಯೇ ಬೇಡ ಅಂದರೆ ಸೊಕ್ಕು ಅಂತಾರೆ. ಹಕ್ಕು ಇರುವುದು ಮಾವನಿಗೆ, ಅವನೇ ಬಿಟ್ಟೆ ಅನ್ನಬೇಕು ಅಂದೆ.

ಹಳ್ಳಿ ಮುಟ್ಟಿದಾಗ ತಾಯಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾದಳು. ಮಗಳೆಲ್ಲಿ ಅಂದರೆ ಇಲ್ಲೇ ಇದ್ದಳಲ್ಲ ಅಂದಳು. ಒಳಗಿಲ್ಲ. ಹಿತ್ತಲಲ್ಲಿಲ್ಲ. ಆ ಮನೆಯ ಹಿಂದೆ ಒಂದು ಬಾವಿ. ಮೂವರೂ ಮೊದಲು ಅದರ ಕಡೆಗೇ ನೋಡಿದೆವು. ಹೋಗಿ ಬಗ್ಗಿ ನೋಡಿದವಳು ನಾನೇ. ನೀರು ಮಿಸುಕದೆ ನಿಂತಿತ್ತು.

ಸಿಕ್ಕಿದ್ದು ಕುರಿ ಹಟ್ಟಿಯಲ್ಲಿ. ಕುರಿ ಇಲ್ಲದ ಬರಿ ಹಟ್ಟಿ, ಸುತ್ತ ಜಾಲಿಮುಳ್ಳಿನ ಬೇಲಿ. ನಡುವೆ ಗೊಬ್ಬರದ ಮೇಲೆ ಕಾಲು ಮಡಚಿ ಕೂತಿದ್ದಳು. ತಾಯಿ ಕೂಗಲು ಬಾಯಿ ತೆರೆದಳು, ಮೇಡಂ ಅವಳ ತೋಳು ಹಿಡಿದು ನಿಲ್ಲಿಸಿದರು. ಕೂಗಿದರೆ ಊರು ಸೇರುತ್ತಿತ್ತು. ನಾವಿಬ್ಬರೇ ಒಳಗೆ ಹೋಗಿ ಹುಡುಗಿಯ ಎರಡು ಪಕ್ಕ ಗೊಬ್ಬರದ ಮೇಲೆಯೇ ಕೂತೆವು.

ಅವಳನ್ನು ನೇರವಾಗಿ ಕೇಳಿ ಅಂದರು ಮೇಡಂ. ಆ ಮಾತನ್ನೇ ಹಿಡಿದು ಕೇಳಿ, ಸುತ್ತಿ ಬಳಸಬೇಡಿ. ಬಾಯಲ್ಲಿ ಆಡಬಾರದ್ದು ಮೇಡಂ ಅಂದೆ.

“ಅವಳು ಆಡಿಯಾಗಿದೆ ಅಮ್ಮ. ಈಗ ಒಬ್ಬಳೇ ಇಟ್ಟುಕೊಂಡಿದ್ದಾಳೆ. ಕೇಳಿ.”

ಕೇಳಿದೆ. ಅಮ್ಮಾಯಿ, ಸಾಯ್ತೀನಿ ಅಂದೆಯಲ್ಲ, ನಿಜವಾಗಿ ಸಾಯಬೇಕು ಅಂತ ಇದೀಯಾ ಅಂತ ತೆಲುಗಿನಲ್ಲೇ ಕೇಳಿದೆ. ನನ್ನ ಸ್ವಂತ ಮಗಳನ್ನು ಅಷ್ಟು ನೇರ ಏನನ್ನೂ ಕೇಳಿದವಳಲ್ಲ ನಾನು. ಅವಳು ಹೌದು ಅಂತ ತಲೆ ಆಡಿಸಿದಳು. ಆಮೇಲೆ ಕನ್ನಡದಲ್ಲಿ, ಮೇಡಂಗೆ ತಿಳಿಯುವ ಹಾಗೆ ಅಂದಳು:

“ಬೆಳಿಗ್ಗೆ ಹೇಳಿದ್ನಲ್ಲ. ಈ ಅಜ್ಜಿ ಹೇಳ್ಲಿಲ್ಲ. ಹೇಳೋವಂಥ ಮಾತಲ್ಲ ಅಂತ ಸುಮ್ನಾದೆ.”

ತಪ್ಪು ನನ್ನದು ಅಂದೆ. ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಮೇಡಂ ಒಂದೊಂದಾಗಿ ಕೇಳುತ್ತಾ ಹೋದರು. ಯಾವಾಗಿನಿಂದ ಈ ಯೋಚನೆ, ಏನು ಮಾಡಬೇಕು ಅಂತಿದ್ದೆ, ಯಾರಿಗಾದರೂ ಹೇಳಿದೆಯಾ. ಎಲ್ಲಕ್ಕೂ ಉತ್ತರ ಇತ್ತು. ಇಲ್ಲಿ ಬರೆಯುವುದಿಲ್ಲ. ಒಂದಕ್ಷರ ಬಿಡದೆ ಹೇಳಿದೆ. ಮನೆಗೆ ಹೋಗಿ ಅವಳು ಬಚ್ಚಿಟ್ಟದ್ದನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡದ್ದೂ ನಾನೇ.

ತಾಯಿಗೆ ಮೇಡಂ ಹೇಳಿದ್ದು ಮೊದಲು ಇಷ್ಟೇ. ಹುಡುಗಿಯ ಕಾಯಿಲೆ ಜೋರಾಗಿದೆ, ಜೀವಕ್ಕೆ ಅಪಾಯ ಇದೆ, ನಾಳೆ ಚಳ್ಳಕೆರೆಯಲ್ಲಿ ಡಾಕ್ಟರಿಗೆ ತೋರಿಸಬೇಕು. ಭಾನುವಾರದ ತನಕ ಈ ಅಮ್ಮನ ಮನೆಯಲ್ಲಿ ಇರಲಿ, ಹೊತ್ತು ಹೊತ್ತಿಗೆ ಔಷಧಿ ಕೊಡಬೇಕು. ಮದುವೆಯ ಮಾತು ಎತ್ತಲಿಲ್ಲ. ತಾಯಿ ನನ್ನ ಕೈ ಹಿಡಿದು, ಸತ್ಯ ಹೇಳಕ್ಕಾ, ಸಾಯೋ ಕಾಯಿಲೆನಾ ಅಂದಳು. ಹೌದು ಅಂದೆ. ಅದು ಸುಳ್ಳಲ್ಲವಲ್ಲ.

ಅಷ್ಟರಲ್ಲಿ ಹುಡುಗಿಯ ಮಾವ ಹೊಲದಿಂದ ಬಂದ. ಇಪ್ಪತ್ತೆಂಟು, ಮೂವತ್ತು ಇರಬಹುದು. ಗಟ್ಟಿ ಆಳು. ಅವನನ್ನು ಮೇಡಂ ಬಸ್ಸು ನಿಲ್ಲುವ ಮರದ ತನಕ ಜೊತೆಗೆ ಕರೆದುಕೊಂಡು ಬಂದರು. ಹುಡುಗಿ ಹತ್ತು ಹೆಜ್ಜೆ ಮುಂದೆ, ನನ್ನ ಕೈ ಅವಳ ಭುಜದ ಮೇಲೆ, ಕಿವಿ ಹಿಂದಕ್ಕೆ. ಅವನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಅವಳಿಗೆ ಈ ಮದುವೆ ಬೇಡ, ನೀವೇ ಬಿಟ್ಟೆ ಅನ್ನಬೇಕು ಅಂತ ಮೇಡಂ ನೇರ ಹೇಳಿದರು. ಅವನು ಮೊದಲು ಸಿಡಿದ. ನಾನೇನು ಕುಡುಕನಾ, ಹದಿನೈದು ವರ್ಷದಿಂದ ಊರೆಲ್ಲ ಅವಳನ್ನು ನಿನ್ನ ಹೆಂಡ್ತಿ ಅಂದೈತೆ, ಬೇರೆ ಹೆಣ್ಣಿನ ಕಡೆ ತಲೆ ಎತ್ತಿ ನೋಡಿಲ್ಲ ಅಂದ. ಮೇಡಂ ನಿಮ್ಮ ತಪ್ಪಿಲ್ಲ ಅಂದರು. ಹದಿನೆಂಟು ತುಂಬದೆ ಮದುವೆ ಮಾಡಿದರೆ ಕಾನೂನು ಸುಮ್ಮನಿರಲ್ಲ ಅಂತಲೂ ಹೇಳಿದರು. ಅದಕ್ಕೆ ಅವನು ಜಗ್ಗಲಿಲ್ಲ. ನಿಂತು ನನ್ನನ್ನು ಕೂಗಿದ.

“ಅವ್ವಾ, ನೀನು ಅಲ್ಲಿದ್ಯಂತಲ್ಲ. ಅವ್ಳು ಏನಂದ್ಲು? ಅವ್ಳ ಬಾಯಾಗೆ ಬಂದಂಗೆ ಹೇಳು.”

ಮೇಡಂ ಹುಡುಗಿಯ ಕಡೆ ನೋಡಿದರು. ಹುಡುಗಿ ನನ್ನ ಕಡೆ ತಿರುಗಿ ಹೇಳು ಅಂದಳು. ಹೇಳಿದೆ. ಹೆಗಲ ಮೇಲೆ ಹೊತ್ತದ್ದು, ತುತ್ತು ಕೊಟ್ಟದ್ದು, ಹೊಟ್ಟೆ ತೊಳಸುವುದು, ಅರಿಶಿನ, ಸಾವು. ಎಲ್ಲ ಅವಳ ತೆಲುಗಿನಲ್ಲೇ. ಅವನು ಕೇಳಿಸಿಕೊಂಡು ಟವೆಲು ಕೊಡವಿ ಹೆಗಲಿಗೆ ಹಾಕಿ ಬಂದ ದಾರಿಯಲ್ಲೇ ಹೋದ. ಬಸ್ಸು ಬಂತು, ಹತ್ತಿದೆವು.

ಶುಕ್ರವಾರ ಚಳ್ಳಕೆರೆಯ ಡಾಕ್ಟರು ನೋಡಿ ಮಾತ್ರೆ ಬರೆದರು. ಮಿಕ್ಕ ದಿನ ಹುಡುಗಿ ನನ್ನ ಮನೆಯಲ್ಲಿ. ಮೇಡಂ ದಿನಾ ಚಳ್ಳಕೆರೆಯಿಂದ ಬಂದು ಹೋದರು. ಅವಳನ್ನು ಕಣ್ಣ ಮರೆಯಾಗಲು ಬಿಡಬೇಡಿ ಅಂದಿದ್ದರು. ನಾನು ನೀರಿಗೆ ಹೋದರೆ ಅವಳೂ ನೀರಿಗೆ, ಬಯಲಿಗೆ ಹೋದರೆ ಅವಳೂ ಬಯಲಿಗೆ. ಈಳಿಗೆಮಣೆ, ಇಲಿ ಪಾಷಾಣ, ಹಗ್ಗ ಎಲ್ಲ ಪಕ್ಕದ ಮನೆಗೆ ಕಳಿಸಿ, ಸೊಪ್ಪನ್ನು ಕೈಯಲ್ಲೇ ಹರಿದು ಸಾರು ಮಾಡಿದೆ. ಅವಳು ನಾಲ್ಕು ತುತ್ತು ಉಂಡರೆ ಹೆಚ್ಚು. ಶನಿವಾರ ನನ್ನ ಸಾರಿಗೆ ಉಪ್ಪಿಲ್ಲ ಅಂದಳು. ಇದ್ದದ್ದನ್ನು ಹಾಕಿದೀನಿ, ಬೇಕಾದ್ರೆ ನೀನೇ ಮಾಡು ಅಂದೆ. ಮಾಡಿದಳು. ಆದರೂ ಸೋಮವಾರಕ್ಕೆ ಏನು ಅಂತ ಅವಳೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಬೀದಿಯಲ್ಲಿ ಯಾವ ಗಂಡಸಿನ ಚಪ್ಪಲಿ ಸದ್ದಾದರೂ ಅವಳು ಗೋಡೆಗೆ ಒರಗುವಳು.

ಭಾನುವಾರ ಹತ್ತು ಗಂಟೆಗೆ ಅಕ್ಕ ತಮ್ಮ ಇಬ್ಬರೂ ಬಂದರು. ಮೇಡಂ ಒಳಗೇ ಇದ್ದರು. ಅವನು ಹೊಸಿಲು ತುಳಿಯಲಿಲ್ಲ, ಜಗಲಿಯಲ್ಲಿ ಬೆನ್ನು ಹಾಕಿ ಕೂತ. ತಾಯಿಯ ಕಣ್ಣು ಊದಿತ್ತು. ನಾಳೆ ಅರಿಶಿನ, ಮಗಳನ್ನು ಕರ್ಕೊಂಡು ಹೋಗೋಣ ಅಂತ ಬಂದೆ, ಇವನು ದಾರಿಯುದ್ದ ಮಾತಾಡಿಲ್ಲ ಅಂದಳು. ಆಗ ಅವನು ಬೀದಿ ನೋಡಿಕೊಂಡೇ ತೆಲುಗಿನಲ್ಲಿ ಹೇಳಿದ. ನನಗೆ ಈ ಹುಡುಗಿ ಬೇಡ ಅಕ್ಕಾ. ರಾಯದುರ್ಗದ ಕಡೆ ಒಬ್ಬಳನ್ನು ನೋಡಿಕೊಂಡಿದೀನಿ. ನಿನ್ನ ಮಗಳನ್ನ ಎಲ್ಲಿಗಾದರೂ ಕೊಡು, ನಂದೇನೂ ಹಕ್ಕಿಲ್ಲ, ಎಲೆ ಅಡಿಕೆ ಇಟ್ಟು ಹೇಳ್ತಾ ಇದೀನಿ. ಹೇಳಿ ಜೇಬಿನಿಂದ ಎಲೆ ಅಡಿಕೆ ತೆಗೆದು ಹೊಸಿಲ ಮೇಲೆ ಇಟ್ಟ.

ಅಕ್ಕ ಎದ್ದು ಅವನ ಕೆನ್ನೆಗೆ ಎರಡು ಬಾರಿಸಿದಳು. ಇಷ್ಟು ವರ್ಷ ಕಾಯಿಸಿ ಈಗ ಕೈ ಬಿಡ್ತೀಯಾ, ನನ್ನ ಮಗಳ ಹೆಸರು ಮಣ್ಣು ಮಾಡಿದೆ, ನಿನ್ನ ವಂಶ ಉದ್ಧಾರ ಆಗದೇ ಹೋಗಲಿ ಅಂತ ಬೀದಿ ಕೇಳುವ ಹಾಗೆ ಶಾಪ ಹಾಕಿದಳು. ಮಗ್ಗದವರೆಲ್ಲ ಕೆಲಸ ಬಿಟ್ಟು ಹೊರಗೆ ಬಂದು ನಿಂತರು. ಅವನು ತಲೆ ಬಗ್ಗಿಸಿ ಅಷ್ಟನ್ನೂ ತಿಂದ. ಒಳಗೆ ಮೇಡಂ ಏನಂದ ಅಂತ ನನ್ನನ್ನು ಕೇಳಿದರು. ನಾನು ಅವನು ಅಂದದ್ದು, ಅವಳು ಬೈದದ್ದು, ಶಾಪ ಎಲ್ಲ ಸೇರಿಸಿ ಹೇಳಿದೆ. ಹುಡುಗಿ ಗೋಡೆ ಬಿಟ್ಟು ಬಾಗಿಲಿಗೆ ಬಂದು ನಿಂತು, ಸಾಕು ನಿಲ್ಲಿಸಮ್ಮಾ, ಮಾಮನ್ನ ಹೊಡೀಬೇಡ ಅಂದಳು. ಎರಡು ವಾರದ ಮೇಲೆ ತಾಯಿಯ ಹತ್ತಿರ ಅವಳು ಆಡಿದ ಮೊದಲ ಮಾತು ಅದು.

ಆಮೇಲೆ ಎಂಟು ತಿಂಗಳು ಅವಳು ಗುರುವಾರ ಗುರುವಾರ ರೂಮಿಗೆ ಬಂದಳು. ಮಾತ್ರೆ ಮೆಲ್ಲಗೆ ಕಡಿಮೆಯಾದವು. ಕುರಿ ಹೊಡೆದುಕೊಂಡು ವಾಪಸ್ ಬಂದ ಅಪ್ಪ ಮತ್ತೆ ಶಾಲೆಗೆ ಸೇರಿಸುವುದಕ್ಕೆ ಒಪ್ಪಲಿಲ್ಲ, ಹೊಲಿಗೆ ಕಲಿಯಲು ಬಿಟ್ಟ. ಅವಳ ತಾಯಿ ಎರಡು ವರ್ಷ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ನಾನೂ ಮಾತಾಡಿಸಲು ಹೋಗಲಿಲ್ಲ. ಆ ಮಾವನಿಗೆ ಊರಲ್ಲಿ ಮಾತು ತಪ್ಪಿದವನು ಅಂತ ಹೆಸರಾಯಿತು, ಅಕ್ಕನ ಮನೆಯ ಹೊಸಿಲು ಮುಚ್ಚಿತು. ರಾಯದುರ್ಗದ ಕಡೆ ಅವನು ಯಾರನ್ನೂ ನೋಡಿರಲಿಲ್ಲ. ಅವನಿಗೆ ಹೆಣ್ಣು ಸಿಕ್ಕಿದ್ದು ಅದಾಗಿ ಮೂರು ವರ್ಷಕ್ಕೆ.